ಮೆಣಸು ಚುಕ್ಕೆ ಬಿದ್ದ ತಟ್ಟೆಗಳು

"ಹೊತ್ತು ಮುಳುಗೋದ್ರೊಳ್ಗೆ ಸುಟ್ಟಾಕ್ಬುಡು ಮುನಿಶಾಮಮ್ಮ. ಒಂದು ತಟ್ಟೆನೂ ಉಳಿಸ್ಕೋಬೇಡ. ನಿನ್ ಕೈಲಾಗಲ್ಲ ಅಂದ್ರೆ ಏಳು, ನಾನೇ ಬೆಂಕಿ ಇಕ್ತೀನಿ."

ಹುಳದ ಮನೆಯ ಹೊಸ್ತಿಲಿನಾಚೆ ನಿಂತು ಆದಿಲಕ್ಷ್ಮಮ್ಮ ಈ ಮಾತು ಹೇಳುವಾಗ ಸೆರಗು ಬಾಗಿಲಿಗೆ ತಾಗದಂತೆ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು. ಒಳಗೆ ಅವಳ ವಾರಗಿತ್ತಿ ಮುನಿಶಾಮಮ್ಮ ಬಿದಿರು ತಟ್ಟೆಯ ಮೇಲೆ ಬಗ್ಗಿ, ಒಂದು ರೇಷ್ಮೆ ಹುಳವನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ನುಣ್ಣಗೆ ಬೆಳ್ಳಗಿರಬೇಕಾದ ಮೈಮೇಲೆ ಯಾರೋ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆಗಳು. ಹಿಕ್ಕೆ ಅಂಟಿರಬೇಕು ಅಂತ ನಿನ್ನೆ ಅಂದುಕೊಂಡಿದ್ದಳು. ಈಗ ಬೆರಳ ತುದಿಯಿಂದ ಮೆಲ್ಲಗೆ ಉಜ್ಜಿದರೂ ಹೋಗಲಿಲ್ಲ.

"ಗಂಟುರೋಗಾಂತ ಯಾರಂದ್ರಕ್ಕ?" ಅಂದಳು ಮುನಿಶಾಮಮ್ಮ. "ಉಳ ಸೊಪ್ಪು ತಿಂತಾವೆ. ಕಿವಿ ಕೊಟ್ಟು ಕೇಳು, ಮಳೆ ಉಯ್ದಂಗೆ ಸದ್ದು ಬತ್ತಾ ಐತೆ. ರೋಗದ ಉಳ ಇಂಗ್ ತಿಂತಾವಾ?"

"ಅವತ್ತೂ ತಿಂತಿದ್ವು. ನಮ್ಮತ್ತೆನೂ ಇದೇ ಮಾತಂದಿದ್ಲು."

ಮುನಿಶಾಮಮ್ಮ ಅಂಗೈಯ ಹುಳವನ್ನು ಮತ್ತೆ ತಟ್ಟೆಗೆ ಬಿಟ್ಟಳು. ಅತ್ತೆಯ ಹೆಸರು ಎತ್ತಿದರೆ ಆ ಮನೆಯಲ್ಲಿ ಎಲ್ಲರೂ ಸುಮ್ಮನಾಗಬೇಕಾದ ಕಾರಣ ಒಂದಿತ್ತು. ಆದಿಲಕ್ಷ್ಮಮ್ಮ ಹೊಸ ಸೊಸೆಯಾಗಿ ಬಂದ ವರ್ಷ ಇದೇ ಹುಳದ ಮನೆಯಲ್ಲಿ ಗಂಟುರೋಗ ಬಿದ್ದಿತ್ತು. ಅತ್ತೆ ಅದನ್ನು ಬಾಯಿ ಬಿಡದೆ ಮುಚ್ಚಿಟ್ಟಳು. ತಟ್ಟೆ ಕೊಟ್ಟು ಇಸಕೊಂಡ ಮನೆಗಳಿಗೆಲ್ಲ ರೋಗ ಹೋಯಿತು. ಆ ಬೆಳೆಯಲ್ಲಿ ಊರಿಗೆ ಊರೇ ಒಂದು ಗೂಡು ಕಾಣಲಿಲ್ಲ. ಆಮೇಲೆ ಊರವರು ಸೇರಿ ಕಟ್ಟು ಮಾಡಿದರು: ಯಾರ ಮನೆಯ ಹುಳಕ್ಕೆ ಮೆಣಸು ಚುಕ್ಕೆ ಬಿದ್ದರೂ ಅವತ್ತೇ ಗುಂಡಿ ತೋಡಿ, ತಟ್ಟೆ ಸಮೇತ ಸುಡಬೇಕು. ಎರಡು ಬೆಳೆ ಆ ಮನೆಯವರು ಹುಳ ಮುಟ್ಟಬಾರದು. ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು, ಆದರೂ ಬಾವಿಕಟ್ಟೆಯಲ್ಲಿ ಆದಿಲಕ್ಷ್ಮಮ್ಮನ ಬಿಂದಿಗೆ ಪಕ್ಕದಲ್ಲಿ ಬಿಂದಿಗೆ ಇಡಲು ಕೆಲವರು ಇನ್ನೂ ಹಿಂದೆ ಮುಂದೆ ನೋಡುತ್ತಿದ್ದರು. ಅವಳ ತಟ್ಟೆಗಳು ಇದ್ದದ್ದು ಇದೇ ಗೋಡೆಯ ಆಚೆ.

ಕೋಲಾರದ ಚಿನ್ನದ ಗಣಿ ಮೈಸೂರು ಸರ್ಕಾರದ ಕೈಗೆ ಬಂದ ಮಾರನೆಯ ವರ್ಷದ ಮಳೆಗಾಲ ಅದು. ಊರು, ಬೂದಿಕೋಟೆಯಲ್ಲಿ ಬಸ್ಸಿಳಿದು ಒಳಗೆ ನಡೆದು ಹೋಗಬೇಕಾದ್ದು. ಮುನಿಶಾಮಮ್ಮನ ಗಂಡ ಕೋದಂಡಪ್ಪ ಚಾಂಪಿಯನ್ ರೀಫ್ಸಿನಲ್ಲಿ ನೆಲದಡಿ ಬಂಡೆಗೆ ತೂತು ಕೊರೆಯುತ್ತಿದ್ದವನು, ಎದೆ ಕೆಟ್ಟು ಮನೆಗೆ ಬಂದಿದ್ದ. ಈಗ ಅವರಿಗಿದ್ದದ್ದು ಒಂದು ತುಂಡು ಹಿಪ್ಪುನೇರಳೆ ತೋಟ, ಈ ತಟ್ಟೆಗಳು, ಅಷ್ಟೇ. ಎರಡು ಬೆಳೆ ಹುಳ ಮುಟ್ಟದೆ ಕೂತರೆ ಒಲೆ ಮೇಲೆ ಇಡಲು ಏನೂ ಇರುತ್ತಿರಲಿಲ್ಲ. ಹುಳ ಬೇರೆ ಇವತ್ತೋ ನಾಳೆಯೋ ಹಣ್ಣಾಗಿ ಗೂಡು ಕಟ್ಟಲು ಏಳುವಂತಿದ್ದವು.

ಕೋದಂಡಪ್ಪ ಜಗಲಿಯ ಮೇಲೆ ಕೂತು ಉಸಿರು ತಿರುಗಿಸಿಕೊಳ್ಳುತ್ತಿದ್ದ. ಕೆಮ್ಮುವವರು ಹುಳದ ಮನೆಯೊಳಗೆ ಹೋಗಬಾರದು ಅಂತ ಅವನೇ ಹೊರಗೆ ಕೂರುವುದನ್ನು ರೂಢಿ ಮಾಡಿಕೊಂಡಿದ್ದ.

"ಅತ್ತಿಗೆ, ರೇಷ್ಮೆ ಇಲಾಖೆ ಮೇಷ್ಟ್ರು ಒಂದ್ಸಲ ನೋಡ್ಲಿ," ಅಂದ. "ಬಂಗಾರಪೇಟೇಲಿ ಅವ್ರತ್ರ ಭೂತಗನ್ನಡಿ ಐತೆ. ಅವ್ರು ಸುಡೂಂದ್ರೆ ನಾನೇ ಸುಡ್ತೀನಿ."

"ನೀನು ಬಂಗಾರಪೇಟೆಗೆ ಓಗಿ ಬತ್ತೀಯಾ? ಬಾವಿಗೆ ಓಗಿ ಬರೋಕೆ ಮೂರ್ ಕಡೆ ಕೂತ್ಕತೀಯ."

"ನಾಕ್ ಕಡೆ ಕೂತ್ಕಂಡಾದ್ರೂ ಓಗ್ತೀನಿ."

ಆದಿಲಕ್ಷ್ಮಮ್ಮನಿಗೆ ನಗು ಬಂದಿರಬೇಕು, ತೋರಿಸಲಿಲ್ಲ. ತಲೆ ತಿರುಗಿಸಿ ಗಂಡನನ್ನು ಕೂಗಿದಳು. ಬೈರಪ್ಪ ಬಾಯಿಲ್ಲದ ಮನುಷ್ಯ. ಹೆಂಡತಿ ಏನು ಹೇಳುತ್ತಾಳೆ ಅಂತ ಮೊದಲೇ ತಿಳಿದವನಂತೆ ಗುದ್ದಲಿ ಹಿಡಿದೇ ಬಂದ. ತಮ್ಮನ ಮುಖ ನೋಡದೆ ಹಿತ್ತಲಿಗೆ ಹೋಗಿ ಗುಂಡಿ ತೋಡಲು ಶುರು ಮಾಡಿದ.

"ದನ ಊರೊಳಗೆ ಬರೋಗಂಟ ಕಾಯ್ತೀನಿ," ಅಂದಳು ಆದಿಲಕ್ಷ್ಮಮ್ಮ. "ಅದ್ರ ಮ್ಯಾಲೆ ಒಂದು ಗಳಿಗೆನೂ ಕಾಯಲ್ಲ. ಈ ಸಲ ಯಾರಾದ್ರೂ ನಮ್ಮ ಮನೇನ ಬೆರಳಿಟ್ಟು ತೋರಿಸಿದ್ರೆ ನಾನು ಆ ಬಾವಿಗೇ ಬೀಳ್ತೀನಿ ಕಣ್ಲಾ ಕೋದಂಡ."

ಮುನಿಶಾಮಮ್ಮ ಗಂಡನ ಹಳೆಯ ಊಟದ ಡಬ್ಬಿಯಲ್ಲಿ ಎಳೆ ಸೊಪ್ಪು ಹಾಸಿದಳು. ಗಣಿಗೆ ಒಯ್ಯುತ್ತಿದ್ದ ಡಬ್ಬಿ, ಮುಚ್ಚಳದ ಮೇಲೆ ಮೊಳೆಯಲ್ಲಿ ಕೊರೆದ ಅವನ ನಂಬರು. ಒಂದೊಂದು ತಟ್ಟೆಯಿಂದ ಚುಕ್ಕೆ ಬಿದ್ದ ಹುಳಗಳನ್ನೇ ಆರಿಸಿ ಇಟ್ಟಳು. "ಮುಚ್ಚಳ ಒಸಿ ತೆಗ್ದಿಟ್ಕ. ಉಸಿರು ಕಟ್ತವೆ," ಅಂದಳು. ಅದು ಹುಳಕ್ಕೆ ಹೇಳಿದ್ದೋ ಅವನಿಗೆ ಹೇಳಿದ್ದೋ, ಬಸ್ಸಿನಲ್ಲಿ ಕೂತ ಮೇಲೂ ಅವನು ಯೋಚಿಸುತ್ತಿದ್ದ.

ಬಂಗಾರಪೇಟೆಯಲ್ಲಿ ಇಳಿದರೆ ಮೇಷ್ಟ್ರ ಕಚೇರಿಗೆ ಬೀಗ. ಪಕ್ಕದ ಕಾಫಿ ಹೋಟೆಲಿನವನು, ರೇಷ್ಮೆ ಮೊಟ್ಟೆ ಅಂಟಿದ ಕಾಗದದ ಪಾರ್ಸೆಲ್ಲು ಬರುತ್ತದೆ ಅಂತ ಸ್ಟೇಷನ್ನಿಗೆ ಹೋದರು ಅಂದ. ಕೋದಂಡಪ್ಪ ಸ್ಟೇಷನ್ನಿಗೆ ನಡೆದ. ರೈಲು ಬಂದಿತ್ತು. ಪಾರ್ಸೆಲ್ಲು ಇಳಿಸುತ್ತಿದ್ದದ್ದು ಆಚೆಯ ಪ್ಲಾಟ್‌ಫಾರಮ್ಮಿನಲ್ಲಿ, ನಡುವೆ ಮೇಲ್ಸೇತುವೆ. ಮೆಟ್ಟಿಲು ಹತ್ತಿ ಅರ್ಧಕ್ಕೆ ಬರುವಷ್ಟರಲ್ಲಿ ಎದೆಯೊಳಗೆ ಯಾರೋ ಗೋಣಿಚೀಲ ಹೊಲಿಯುತ್ತಿರುವಂತಾಯಿತು. ಕಂಬಿ ಹಿಡಿದು ನಿಂತ. ಕೆಳಗೆ ಖಾಕಿ ಕೋಟಿನ ಮೇಷ್ಟ್ರು ಪಾರ್ಸೆಲ್ಲನ್ನು ಮಗುವಿನ ಹಾಗೆ ಎತ್ತಿಕೊಂಡು ಹೊರಟೇಬಿಟ್ಟಿದ್ದರು. ಕೂಗಲು ಉಸಿರಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಕಬ್ಬಿಣದ ಕಂಬಿಗೆ ಬಡಿದ. ನೆಲದಡಿ, ಬಂಡೆ ಸಡಿಲವಾದಾಗ ಹೀಗೇ ಬಡಿದು ಒಬ್ಬರಿಗೊಬ್ಬರು ಹೇಳುತ್ತಿದ್ದರು.

ಮೇಷ್ಟ್ರು ತಲೆಯೆತ್ತಿದರು.

ಕುಪ್ಪುಸ್ವಾಮಿ ಮೇಷ್ಟ್ರು ಮಾರಿಕುಪ್ಪಂನ ಕಡೆಯವರು, ಅವರಪ್ಪನೂ ಗಣಿಯಲ್ಲಿದ್ದವನೇ. ಆ ಸದ್ದು ಅವರಿಗೆ ಹೊಸದಲ್ಲ. ಕಚೇರಿಗೆ ಕರೆತಂದು, ಮೊದಲು ಕೋದಂಡಪ್ಪನಿಗೆ ನೀರು ಕೊಟ್ಟು, ಆಮೇಲೆ ಡಬ್ಬಿ ತೆಗೆದು ನೋಡಿದರು. ನೋಡಿದವರ ಮುಖ ಗಂಟಿಕ್ಕಿತು.

"ಯಾರ ಮೊಟ್ಟೆಯಪ್ಪ ಇದು?"

"ನಿಮ್ಮದೇ ಸ್ವಾಮಿ. ಕಚೇರಿಯಿಂದ ತಂದಿದ್ದು."

"ಹಾಗಾದ್ರೆ ನನ್ನ ತಲೆನೂ ಸೇರಿಸಿ ಸುಡಬೇಕು," ಅನ್ನುತ್ತ ಸೂಕ್ಷ್ಮದರ್ಶಕದ ಪೆಟ್ಟಿಗೆ ತೆಗೆದರು. ಒಂದು ಹುಳವನ್ನು ಕಲ್ಲಿನ ಬಟ್ಟಲಲ್ಲಿ ಅರೆದು, ಒಂದು ತೊಟ್ಟು ರಸವನ್ನು ಗಾಜಿನ ಮೇಲಿಟ್ಟು, ಕಿಟಕಿಯ ಬಳಿ ಕನ್ನಡಿ ತಿರುಗಿಸಿ ಕಣ್ಣಿಟ್ಟರು. ಅಷ್ಟು ಹೊತ್ತಿಗೆ ಮೋಡ ಕವಿಯಿತು. "ಪೊರು, ಪೊರು," ಅಂದರು ತಮಿಳಿನಲ್ಲಿ. "ತಾಳು. ಬೆಳಕಿಲ್ಲದೆ ಇದು ಕುರುಡು."

ಕೋದಂಡಪ್ಪ ಕಿಟಕಿಯಿಂದ ಆಕಾಶ ನೋಡಿದ. ದನ ಇನ್ನೂ ಮೇಯುತ್ತಿರುತ್ತವೆ. ಇನ್ನೂ ಮೇಯುತ್ತಿರಲಿ.

"ಆ ಚುಕ್ಕೆ ರೋಗ ತಂದಿದ್ದಲ್ಲಪ್ಪ," ಅಂದರು ಮೇಷ್ಟ್ರು, ಮೋಡ ಸರಿಯುವವರೆಗೆ ಸುಮ್ಮನೆ ಕೂರಲಾರದೆ. "ಹುಳವೇ ಮಾಡಿಕೊಂಡಿದ್ದು. ಇಲ್ಲಿ ನೋಡು." ಇದ್ದುದರಲ್ಲಿ ಚುಕ್ಕೆ ಕಡಿಮೆಯಿದ್ದ ಒಂದು ಹುಳವನ್ನು ಹುಡುಕಿ, ಅದರ ಕಾಲಿನ ತುದಿಗೆ ಸೂಜಿ ಮುಟ್ಟಿಸಿದರು. ತಿಳಿ ಹಳದಿಯ ಒಂದು ಹನಿ ಮೂಡಿತು. "ಇದು ಅದರ ರಕ್ತ. ಕಣ್ಣು ತೆಗೀಬೇಡ."

ಹನಿ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಕಂದಿತು. ಕಂದಿದ್ದು ಬೆಲ್ಲದ ಬಣ್ಣಕ್ಕೆ ತಿರುಗಿತು, ಆಮೇಲೆ ಅಂಚಿನಿಂದ ಒಳಕ್ಕೆ ಕಪ್ಪಾಗುತ್ತ ಬಂತು. ಯಾರೂ ಏನೂ ಹಚ್ಚಿರಲಿಲ್ಲ.

"ನಮ್ಮ ಕೂದಲಲ್ಲಿ, ಚರ್ಮದಲ್ಲಿ ಇರೋ ಕಪ್ಪೇ. ಮೆಲನಿನ್ ಅಂತಾರೆ. ಗಾಯ ಆದ ಕಡೆ, ಇಲ್ಲ ಕ್ರಿಮಿ ನುಗ್ಗಿದ ಕಡೆ, ಹುಳ ಇದನ್ನ ಮಾಡಿ ಗಾರೆ ಮೆತ್ತಿದ ಹಾಗೆ ಮೆತ್ತುತ್ತೆ. ಬಂದವನನ್ನ ಒಳಗೇ ಹಾಕಿ ಗೋಡೆ ಕಟ್ಟಿಬಿಡುತ್ತೆ."

"ಗೋಡೆ ಒಳ್ಗಿರೋದು ಸಾಯ್ತದಾ ಸ್ವಾಮಿ?"

"ಕೆಲವು ಸಲ ಅದು ಸಾಯುತ್ತೆ. ಕೆಲವು ಸಲ ಹುಳ ಸಾಯುತ್ತೆ. ಗಂಟುರೋಗದ ಕ್ರಿಮಿಗೆ ಈ ಗೋಡೆ ಸಾಲದು, ಅದಕ್ಕೇ ಮೈತುಂಬ ಚುಕ್ಕೆ ಬಿದ್ದು ಹುಳ ಸೋಲೋದು. ಇವು ಏನನ್ನ ಕಂಡು ಗೋಡೆ ಕಟ್ಟಿದಾವೋ ಗೊತ್ತಾಗಬೇಕು."

ಕೋದಂಡಪ್ಪ ಎದೆ ಮೇಲೆ ಕೈಯಿಟ್ಟುಕೊಂಡ. "ನನ್ ಎದೆ ಪಟ ತೆಗ್ದಾಗ್ಲೂ ಇಂಗೇ ಚುಕ್ಕೆ ಇದ್ವು. ಬೆಳ್ಳಗಿದ್ವು."

ಮೇಷ್ಟ್ರು ಕನ್ನಡಿಯನ್ನು ಮತ್ತೆ ಕಿಟಕಿಗೆ ತಿರುಗಿಸಿದರು. ಬಿಸಿಲು ಬಂತು. ಕಣ್ಣಿಟ್ಟು ನೋಡಿದರು, ಇನ್ನೊಂದು ಹುಳ ಅರೆದು ನೋಡಿದರು, ಮತ್ತೊಂದು ಅರೆದು ನೋಡಿದರು. ಹೊರಗೆ ಬೂದಿಕೋಟೆ ಬಸ್ಸಿನವನು ಹಾರನ್ ಒತ್ತಿದ.

"ಗಂಟುರೋಗದ ಕ್ರಿಮಿಯ ಕಾಳು ಇದ್ದರೆ ಅಕ್ಕಿ ನುಚ್ಚು ಹೊಳೆದ ಹಾಗೆ ಹೊಳೀಬೇಕು. ಇವುಗಳಲ್ಲಿ ಇಲ್ಲ," ಅಂದರು. ಕೋದಂಡಪ್ಪ ಏಳಲು ಹೋದ. "ಕೂತ್ಕೋ. ಇಷ್ಟರಲ್ಲಿಲ್ಲ ಅಂದರೆ ಮನೇಲೂ ಇಲ್ಲ ಅಂತ ಹೇಳಕ್ಕಾಗಲ್ಲ. ಒಂದು ಮಾತು ಹೇಳು. ನಾಲ್ಕನೇ ಜ್ವರಕ್ಕೆ ಕೂತಾಗ ತಟ್ಟೆಗೆ ಏನು ಉದುರಿಸಿದ್ರಿ?"

ಹುಳ ಪೊರೆ ಬಿಡಲು ಮೇವು ಬಿಟ್ಟು ನಿದ್ದೆಗೆ ಕೂರುವುದನ್ನೇ ನಮ್ಮ ಕಡೆ ಜ್ವರ ಅನ್ನುವುದು. ಆಗ ಹಾಸು ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸುತ್ತಾರೆ.

"ಸುಣ್ಣ ಮಳೆಗೆ ಗಟ್ಟಿ ಕಟ್ಟಿತ್ತು ಸ್ವಾಮಿ. ಅದ್ಕೆ..." ಅವನ ಕೈ ಜೇಬಿಗೆ ಹೋಯಿತು. "ನಾನು ಬರೋವಾಗ ಗಣಿ ಮರಳಿನ ಗುಡ್ಡದಿಂದ ಒಂದು ಮೂಟೆ ತಂದಿದ್ದೆ. ಪಾತ್ರೆ ತಿಕ್ಕೋಕೆ ಚೆಂದಾಗಿರ್ತದೆ. ಸುಣ್ಣಕ್ಕಿಂತ ನುಣ್ಣಗೆ, ನೀರು ಬೇಗ ಈರ್ಕತದೆ. ಇವ್ಳು ನೀರಿಗೆ ಓದಾಗ ನಾನೇ ಒಂದೊಂದೇ ತಟ್ಟೆ ಬಾಗಿಲಿಗೆ ಎಳ್ಕಂಡು ಜರಡಿ ಇಡ್ದೆ. ಉಳ ಎದ್ದ ಮ್ಯಾಲೂ ಆಸು ಒದ್ದೆಯಾದಾಗ್ಲೆಲ್ಲ ಇಡ್ದೆ."

ಜರಡಿ ಹಿಡಿದಾಗ ಬಿದ್ದದ್ದು ಜೇಬಿನ ಮೂಲೆಯಲ್ಲಿ ಇನ್ನೂ ಒಂದು ಚಿಟಿಕೆ ಉಳಿದಿತ್ತು. ಮೇಷ್ಟ್ರು ಅದನ್ನು ಗಾಜಿನ ಮೇಲೆ ಉದುರಿಸಿ ಕಣ್ಣಿಟ್ಟರು. ಆಮೇಲೆ ಪಕ್ಕಕ್ಕೆ ಸರಿದರು. "ನೀನೇ ನೋಡು."

ಕೋದಂಡಪ್ಪ ನೋಡಿದ. ಬೆರಳಿಗೆ ಹಿಟ್ಟಿನ ಹಾಗಿದ್ದ ಪುಡಿ ಅಲ್ಲಿ ಒಡೆದ ಗಾಜಿನ ರಾಶಿಯಾಗಿತ್ತು. ಒಂದೊಂದು ಚೂರಿಗೂ ಕತ್ತಿಯ ಅಲುಗು. ಇದನ್ನು ಅವನು ಪ್ರಾಯವೆಲ್ಲ ಉಸಿರಾಡಿದ್ದ.

"ಪೊರೆ ಬಿಟ್ಟ ಹೊಸದರಲ್ಲಿ ಹುಳದ ಚರ್ಮ ಎಳೆ ಬಾಳೆಲೆ ಇದ್ದ ಹಾಗೆ," ಅಂದರು ಮೇಷ್ಟ್ರು ಮೆಲ್ಲಗೆ. "ಅದರ ಮೇಲೆ ಹೊರಳಾಡಿದಾವೆ. ನಡಿ, ಬಸ್ಸು ಹೋಗುತ್ತೆ. ಪೆಟ್ಟಿಗೆ ನಾನು ಹಿಡ್ಕೋತೀನಿ, ಡಬ್ಬಿ ನೀನು ಹಿಡ್ಕೋ."

ಬೂದಿಕೋಟೆಯಲ್ಲಿ ಇಳಿದು ಕಾಲುದಾರಿ ಹಿಡಿದಾಗ ಬಿಸಿಲು ಹಳದಿಯಾಗಿತ್ತು. ನೀರಿನ ಕುಂಟೆಯ ಹತ್ತಿರ ದನಗಳು ಆಗಲೇ ಊರ ಕಡೆ ಮುಖ ಮಾಡಿದ್ದವು. ಅವುಗಳ ಹಿಂದೆ ಕೋಲು ಹಿಡಿದ, ಊರ ದನ ಕಾಯುವ ಚಿಕ್ಕಮುನಿಯಮ್ಮ. ಊರ ಮೇಲೆ, ಅವರ ಮನೆಯ ಹಿತ್ತಲಿನ ದಿಕ್ಕಿಗೆ, ತೆಳ್ಳಗೆ ಹೊಗೆ ಏಳುತ್ತಿತ್ತು.

ಕೋದಂಡಪ್ಪ ಹೊಗೆ ನೋಡಿ ಓಡಲು ಹೋದ. ಹತ್ತು ಹೆಜ್ಜೆ ಇಟ್ಟವನು ಮೊಣಕಾಲಿಗೆ ಕೈಕೊಟ್ಟು ಬಗ್ಗಿಬಿಟ್ಟ.

"ಚಿಕ್ಕಮುನಿಯಮ್ಮ," ಅಂದ, ಒಂದೊಂದೇ ಅಕ್ಷರ ಕಿತ್ತು. "ದನಕ್ಕೆ... ನೀರ್ ಕುಡ್ಸು."

"ಕುಡ್ಸಿ ಆಯ್ತು ಕಣಣ್ಣ. ಒಟ್ಟೆ ಡೊಳ್ಳಾಗವೆ."

"ಇನ್ನೊಂದ್ಸಲ ಕುಡ್ಸು. ಅವು ಊರೊಳಕ್ಕೆ ಬಂದ್ರೆ ನಮ್ ಉಳ ಓದ್ವು."

ಅವಳಿಗೆ ಏನು ಅರ್ಥವಾಯಿತೋ. ಅವನ ಮುಖ ನೋಡಿದಳು, ಹೊಗೆ ನೋಡಿದಳು. ಕೋಲು ಅಡ್ಡ ಹಿಡಿದು "ಹೋಯ್, ತಿರುಗ್ರೇ" ಅಂತ ದನಗಳನ್ನು ಮತ್ತೆ ಕುಂಟೆಗೆ ತಿರುಗಿಸಿದಳು. "ಊರೋರು ಬೈದ್ರೆ ನಿನ್ ಎಸ್ರೇ ಏಳ್ತೀನಿ," ಅಂದಳು. ಮೇಷ್ಟ್ರು ಪೆಟ್ಟಿಗೆಯನ್ನು ಎದೆಗವಚಿಕೊಂಡು ಆಗಲೇ ಮುಂದೆ ಓಡುತ್ತಿದ್ದರು.

ಹಿತ್ತಲಿನ ಗುಂಡಿಯಲ್ಲಿ ಒಂದು ತಟ್ಟೆ ಉರಿದು ಬೂದಿಯಾಗುತ್ತಿತ್ತು. ಬೈರಪ್ಪ ಗುದ್ದಲಿ ಊರಿಕೊಂಡು ಆ ಕಡೆ ತಿರುಗಿ ನಿಂತಿದ್ದ. ಹುಳದ ಮನೆಯ ಬಾಗಿಲಿಗೆ ಅಡ್ಡಲಾಗಿ ಮುನಿಶಾಮಮ್ಮ, ಅವಳೆದುರು ಸೀಮೆಎಣ್ಣೆ ಬುಡ್ಡಿ ಹಿಡಿದ ಆದಿಲಕ್ಷ್ಮಮ್ಮ.

"ತೀರಾ ಚುಕ್ಕೆ ಬಿದ್ದಿದ್ದ ತಟ್ಟೆನ ನಾನೇ ಕೊಟ್ಟೆ," ಅಂದಳು ಮುನಿಶಾಮಮ್ಮ ಗಂಡನಿಗೆ, ಅವನು ಬಂದು ಸೇರುತ್ತಲೇ. ಕಣ್ಣು ಒಣಗಿದ್ದವು. "ಅದೊಂದು ತಗಂಡು ಸುಮ್ನಿರಕ್ಕ ಅಂತ. ತಿಂತಾನೇ ಇದ್ವು. ಬೆಂಕಿ ಅಂಟ್ಕಣೋಗಂಟನೂ ತಿಂತಾನೇ ಇದ್ವು."

ಮೇಷ್ಟ್ರು ಮಾತಾಡದೆ ಅಂಗಳದ ಬಿಸಿಲಿನಲ್ಲಿ ಪೆಟ್ಟಿಗೆ ಬಿಚ್ಚಿದರು. ಉಳಿದ ಒಂದೊಂದು ತಟ್ಟೆಯಿಂದಲೂ ಹುಳ ತರಿಸಿ ಅರೆದು ನೋಡಿದರು. ಆಮೇಲೆ ಆದಿಲಕ್ಷ್ಮಮ್ಮನ ಕಡೆ ತಿರುಗಿ, "ನಿಮ್ಮವೂ ಒಂದೆರಡು ತನ್ನಿ ತಾಯಿ," ಅಂದರು.

"ನನ್ ಉಳಕ್ಕೇನಾಗೈತೆ?"

"ಚುಕ್ಕೆ ಇಲ್ಲದ ಹುಳದಲ್ಲೂ ರೋಗ ಇರಬಹುದು. ಚುಕ್ಕೆ ಇದ್ದದ್ದರಲ್ಲಿ ಇಲ್ಲದೇನೂ ಇರಬಹುದು. ನಾನು ಕಣ್ಣಲ್ಲಿ ಹೇಳಲ್ಲ, ಗಾಜಲ್ಲಿ ಹೇಳ್ತೀನಿ."

ಆದಿಲಕ್ಷ್ಮಮ್ಮನ ಮುಖದ ಬಣ್ಣ ಇಳಿಯಿತು. ಬುಡ್ಡಿ ಕೆಳಗಿಟ್ಟು ತನ್ನ ಹುಳದ ಮನೆಗೆ ಹೋದವಳು ಬರಲು ತಡಮಾಡಿದಳು. ಬಂದಾಗ ಅಂಗೈ ಮೇಲೆ ಬೆಳ್ಳನೆಯ ಹುಳಗಳು. ಮೇಷ್ಟ್ರು ಅರೆದರು, ಕನ್ನಡಿ ತಿರುಗಿಸಿದರು. ಈಗ ಇಬ್ಬರು ವಾರಗಿತ್ತಿಯರೂ ಒಂದೇ ಗಾಜನ್ನು ನೋಡುತ್ತ, ಒಬ್ಬರ ಪಕ್ಕ ಒಬ್ಬರು ನಿಂತಿದ್ದರು. ದೂರದಲ್ಲಿ ದನದ ಗಂಟೆ ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ.

"ಇಲ್ಲ," ಅಂದರು ಮೇಷ್ಟ್ರು. "ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಇದು ಗಂಟುರೋಗ ಅಲ್ಲ, ಗಾಯ. ಗಣಿ ಮರಳು ಗೀರಿದ ಗಾಯ. ಹುಳ ತಾನೇ ಮುಚ್ಚಿಕೊಂಡಿದೆ. ಆದರೆ ಎಲ್ಲ ಉಳಿಯುತ್ತೆ ಅಂತ ತಿಳೀಬೇಡಿ. ಮುಚ್ಚೋಕೆ ಮುಂಚೆ ಬೇರೆ ಕೊಳೆ ಒಳಕ್ಕೆ ಹೋಗಿರೋ ಹುಳ ಸಾಯ್ತವೆ. ಉಳಿದವೂ ಗೋಡೆ ಕಟ್ಟಿ ಸೊರಗಿದಾವೆ, ಗೂಡು ಸಣ್ಣದಾಗುತ್ತೆ."

ಮುನಿಶಾಮಮ್ಮ ಗಂಡನನ್ನು ನೋಡಿದಳು. ಪಾತ್ರೆ ತಿಕ್ಕುವ ಮರಳಿನ ಮೂಟೆ ಒಲೆ ಪಕ್ಕದಲ್ಲಿ ಬಾಯಿ ಬಿಚ್ಚಿ ಕೂತಿದ್ದು ಅವಳಿಗೆ ನೆನಪಾಗಿರಬೇಕು. "ನೀನಾ?" ಅಂದಳು. ಅವನು ತಲೆಯಾಡಿಸಿದ. ಅವಳು ಗುಂಡಿಯ ಕಡೆ ಒಮ್ಮೆ ನೋಡಿದಳು.

"ಮೇಷ್ಟ್ರೇ," ಅಂದಳು ಆದಿಲಕ್ಷ್ಮಮ್ಮ, "ನಾಳೆ ನನ್ ತಟ್ಟೆಗೆ ಚುಕ್ಕೆ ಬಿದ್ರೆ ನಿಮ್ಮನೆ ಬಾಗಿಲಿಗೆ ಬತ್ತೀನಿ, ತಟ್ಟೆ ಎತ್ಕಂಡು."

"ಬನ್ನಿ ತಾಯಿ. ಕಾಫಿ ಕೊಟ್ಟು ಕನ್ನಡಿ ತೋರಿಸ್ತೀನಿ. ಬಾವಿಕಟ್ಟೇಲಿ ಯಾರಾದ್ರೂ ಏನಾದ್ರೂ ಅಂದ್ರೆ ಅವರನ್ನೂ ಕರ್ಕೊಂಡು ಬನ್ನಿ."

ಒಳಗಿನಿಂದ ಬರುತ್ತಿದ್ದ ಸೊಪ್ಪು ತಿನ್ನುವ ಸದ್ದು ಕಡಿಮೆಯಾಗಿತ್ತು. ಮುನಿಶಾಮಮ್ಮ ಓಡಿ ಹೋಗಿ ನೋಡಿದಳು. ಗೋಡೆ ಪಕ್ಕದ ತಟ್ಟೆಯಲ್ಲಿ ಹುಳಗಳು ಮೇವು ಬಿಟ್ಟು, ಮೈ ಹೊಳಪಾಗಿ, ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಹಣ್ಣಾಗಿದ್ದವು. ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು, ಈಗಲೇ, ಒಂದೊಂದನ್ನೇ ಆರಿಸಿ. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಆದಿಲಕ್ಷ್ಮಮ್ಮ ಸೊಂಟದ ಸೆರಗು ಬಿಚ್ಚಿ ತಲೆಗೆ ಸುತ್ತಿಕೊಂಡಳು, ಬಾನಿಯ ನೀರಲ್ಲಿ ಮೊಣಕೈವರೆಗೆ ತೊಳೆದುಕೊಂಡಳು, ಬೆಳಗಿನಿಂದ ದಾಟದ ಹೊಸ್ತಿಲು ದಾಟಿದಳು. ಗಂಡನಿಗೆ ಗೋಡೆಗೊರಗಿಸಿದ್ದ ಬಿದಿರಿನ ಚಂದ್ರಿಕೆ ತೋರಿಸಿದಳು. ಅವನು ಗುದ್ದಲಿ ಬಿಟ್ಟು ಅದನ್ನು ಎತ್ತಿ ತಂದ.

ಕೋದಂಡಪ್ಪ ಜಗಲಿಯ ತನ್ನ ಜಾಗದಲ್ಲೇ ನಿಂತಿದ್ದ.

"ಅಲ್ಲೇನ್ ಬಾಯ್ಬಿಟ್ಕಂಡು ನಿಂತಿದೀಯಾ?" ಅಂದಳು ಆದಿಲಕ್ಷ್ಮಮ್ಮ ಒಳಗಿನಿಂದ. "ಕೈ ತೊಳ್ಕಂಡು ಬಾ. ಆರ್ಸು."

"ಕೆಮ್ಮು ಬತ್ತದೆ ಅತ್ತಿಗೆ."

"ಬಾಯಿಗೆ ಟವಲ್ ಕಟ್ಕ. ಮಾಡೋದೆಲ್ಲ ಮಾಡ್ಬುಟ್ಟು ಕೆಮ್ಮಂತೆ."

ಅವನು ಕೈ ತೊಳೆದ. ಉಗುರಿನ ಸಂದಿಯನ್ನು ಕಡ್ಡಿಯಿಂದ ಕೆರೆದು, ಮತ್ತೆ ತೊಳೆದ. ಟವಲ್ಲು ಕಟ್ಟಿಕೊಂಡು ಒಳಗೆ ಹೋಗಿ, ಕತ್ತಿನ ಹತ್ತಿರ ಮೂರು ಕಪ್ಪು ಚುಕ್ಕೆಯಿದ್ದ ಒಂದು ಹಣ್ಣು ಹುಳವನ್ನು ಎತ್ತಿಕೊಂಡ. ಚಂದ್ರಿಕೆಗೆ ಇಡಲು ಬಗ್ಗಿದರೆ ಅದು ಬಿಡಲಿಲ್ಲ. ತಲೆಯನ್ನು ಆ ಕಡೆ ಈ ಕಡೆ ಆಡಿಸಿ, ಕೊರೆಯುವ ಯಂತ್ರ ಹಿಡಿದು ಸೀಳುಬಿಟ್ಟ ಅವನ ಹೆಬ್ಬೆರಳಿಗೆ ಮೊದಲ ಎಳೆ ಅಂಟಿಸಿಬಿಟ್ಟಿತ್ತು. ಎದೆಯೊಳಗಿಂದ ಕೆಮ್ಮು ಎದ್ದು ಗಂಟಲವರೆಗೆ ಬಂತು. ಕೋದಂಡಪ್ಪ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಕೈ ಅಲುಗಿಸದೆ ನಿಂತ. ಮುನಿಶಾಮಮ್ಮ ಬಂದು ಒಂದು ಬಿದಿರ ಕಡ್ಡಿಯಿಂದ ಆ ಎಳೆಯನ್ನು ಅವನ ಬೆರಳಿನಿಂದ ಬಿಡಿಸಿ, ಹುಳದ ಸಮೇತ ಚಂದ್ರಿಕೆಗೆ ದಾಟಿಸಿದಳು.